ಬೆರಳಿಗೆ ಚುಚ್ಚಿದ ಸೂಜಿ

ಚೀನಾದ ಲುವೊಯಾಂಗಿನ ಆಸ್ಪತ್ರೆಯಲ್ಲಿ, ಸೂಜಿ ಚಿಕಿತ್ಸೆಯ ಕೋಣೆಯ ಹೊರಗೆ, ಚಿಕಿತ್ಸೆಗೆಂದು ಸುಡುವ ಮಾಚಿಪತ್ರೆಯ ಹೊಗೆಯ ನಡುವೆ ನನ್ನ ಮೊಣಕಾಲಿನ ಸರದಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಗಂಡ ಹೆಂಡತಿ. ಲಕ್ವ ಹೊಡೆದು ಆತನ ಬಲಗೈ ಬಿದ್ದುಹೋಗಿತ್ತು, ಮಾತು ತೊದಲುತ್ತಿತ್ತು.

“ಇವತ್ತು ನೀನೂ ಒಳಗೆ ಬಾ ಸುಯೂನ್. ಮಾತ್ರೆ, ಸೂಜಿ ಜೊತೆಗೆ ಮನೇಲೂ ಕೈ ತಿಕ್ಕಬೇಕಂತೆ. ಡಾಕ್ಟ್ರು ತೋರಿಸ್ತಾರೆ.”

“ಸೂಜಿ ನೋಡೋಕೆ ನಂಗಾಗಲ್ಲ ರೀ.”

“ಅವತ್ತು ಆಯ್ತಲ್ಲ. ಬೆಳಿಗ್ಗೆ ನನ್ನ ಬಾಯಿ ಸೊಟ್ಟಗಾದ ಕೂಡ್ಲೇ ಹೊಲಿಯೋ ಸೂಜಿ ತಗೊಂಡು ಹತ್ತೂ ಬೆರಳು ಚುಚ್ಚಿದೆ.”

ಆಕೆ ಸುತ್ತ ನೋಡಿದಳು. ನಾನು ಗೋಡೆ ನೋಡಿದೆ.

“ಮೆಲ್ಲಗೆ ಮಾತಾಡಿ. ಕೆಟ್ಟ ರಕ್ತ ಹೋದ್ರೆ ಸರಿಹೋಗುತ್ತೆ ಅಂತಿದ್ಲು ನಮ್ಮಮ್ಮ. ಅದನ್ನೇ ನಂಬ್ಕೊಂಡು ಮಧ್ಯಾಹ್ನದ ತನಕ ಕಾದೆ.”

“ಡಾಕ್ಟ್ರಿಗೆ ಮಾತ್ರ ನೀನು ಆಂಬುಲೆನ್ಸ್ ತಡ ಆಯ್ತು ಅಂದೆ.”

“ಅದನ್ನ ನೀವು ಕೇಳಿಸ್ಕೊಂಡ್ರಾ?”

“ಬಿದ್ದಿದ್ದು ನಾಲಿಗೆ. ಕಿವಿ ಅಲ್ಲ.”

“ಇನ್ನು ಯಾವ ಮುಖ ಇಟ್ಕೊಂಡು ಒಳಗೆ ಬರ್ಲಿ?”

“ನಂಗೇನೂ ಸಿಟ್ಟಿಲ್ಲ. ಆದ್ರೆ ನಿನ್ನ ಸೂಜಿಯಿಂದ್ಲೇ ನಾನು ಉಳಿದೆ ಅಂತ ಓಣಿಯೆಲ್ಲ ಹೊಗಳುತ್ತೆ, ನೀನು ಸುಮ್ನೆ ನಗ್ತೀಯ. ನಿನ್ನೆ ಪಕ್ಕದ ಮನೆ ಸೊಸೆ ಬಂದು, ಮಾವಂಗೆ ಬಿಪಿ ಜಾಸ್ತಿ, ಚುಚ್ಚೋದು ಹೇಳಿಕೊಡಿ ಅಂದ್ಲು. ನೀನು ಅವಳಿಗೂ ಹೇಳಿಕೊಟ್ಟೆ.”

ನರ್ಸ್ ಅವರನ್ನು ಕರೆದಳು. ಸುಯೂನ್ ಒಂದು ಕೈಯಿಂದ ಗಂಡನನ್ನು ಎಬ್ಬಿಸುತ್ತ, ಇನ್ನೊಂದರಿಂದ ಫೋನು ಕಿವಿಗಿಟ್ಟಳು.

“ಜಿಂಗ್‌ಮೇ, ನಾನು ಕಣೇ, ಪಕ್ಕದ ಮನೆಯವಳು. ನಿನ್ನೆ ಹೇಳಿಕೊಟ್ಟಿದ್ದು ಮರೆತುಬಿಡು. ಮಾವಂಗೆ ಹಾಗೇನಾದ್ರೂ ಆದ್ರೆ ಸೂಜಿ ಮುಟ್ಬೇಡ, ಮೊದ್ಲು ಆಂಬುಲೆನ್ಸ್ ಕರಿ. ಇವ್ರ ಕೈ ಹೋಗಿದ್ದು ನಾನು ತಡ ಮಾಡಿದ್ದಕ್ಕೆ.”

ಆಮೇಲೆ ಇಬ್ಬರೂ ಒಳಗೆ ಹೋದರು.