ಬರೆದುಕೊಳ್ಳದೆ ಬಿಟ್ಟ ಮಾತು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಶೀಘ್ರಲಿಪಿಕಾರರ ಸಂಘದ ಅಧ್ಯಕ್ಷರೇ, ಮುಖ್ಯ ಅತಿಥಿಗಳಾಗಿ ಬಂದಿರುವ, ಹದಿನಾಲ್ಕು ವರ್ಷ ನನಗೆ ಮೇಲಧಿಕಾರಿಗಳಾಗಿದ್ದು ಈಗ ವಿಶ್ರಾಂತ ಜೀವನದಲ್ಲಿರುವ, ನಾವೆಲ್ಲ ಇವತ್ತಿಗೂ ದೊಡ್ಡ ಸಾಹೇಬರು ಎಂದೇ ಕರೆಯುವ ಹಿರಿಯರೇ, ನನ್ನ ಜೊತೆ ಇದೇ ತಿಂಗಳು ನಿವೃತ್ತರಾಗುತ್ತಿರುವ ಬೆರಳಚ್ಚು ವಿಭಾಗದ ಅಕ್ಕನವರೇ, ಎರಡನೆಯ ಸಾಲಿನಲ್ಲಿ ಕುಳಿತು ‘ಬೇಗ ಮುಗಿಸಿ’ ಎಂದು ಈಗಾಗಲೇ ಕಣ್ಣಲ್ಲೇ ಹೇಳುತ್ತಿರುವ ನನ್ನ ಮನೆಯವರೇ, ಸಭಿಕರೇ,

ಮೂವತ್ತಾರು ವರ್ಷ ಬೇರೆಯವರ ಮಾತನ್ನು ಬರೆದುಕೊಂಡವನನ್ನು ಎಬ್ಬಿಸಿ ನಿಲ್ಲಿಸಿ ‘ಈಗ ನೀನು ಮಾತಾಡು’ ಎಂದರೆ ಅವನ ಪಾಡೇನಾಗಬೇಕು? ನಾನು ಬರೆದುಕೊಂಡಿರುವ ಭಾಷಣಗಳಿಗೆ ಲೆಕ್ಕವಿಲ್ಲ. ‘ಎರಡೇ ಎರಡು ಮಾತು’ ಎಂದು ಶುರು ಮಾಡಿದವರು ಸಾಮಾನ್ಯವಾಗಿ ನಲವತ್ತು ನಿಮಿಷ ತೆಗೆದುಕೊಳ್ಳುತ್ತಾರೆ. ‘ಸಮಯದ ಅಭಾವವಿದೆ’ ಎಂದವರು ಒಂದು ಗಂಟೆ. ಇದು ಅಂದಾಜಲ್ಲ, ನನ್ನ ಬಲಗೈ ಮಣಿಕಟ್ಟಿನ ಅನುಭವ. ಆದ್ದರಿಂದ ನಾನು ಎರಡನ್ನೂ ಹೇಳುವುದಿಲ್ಲ.

ನಮ್ಮ ಸಂಘದ ಪದ್ಧತಿ ನಿಮಗೆಲ್ಲ ಗೊತ್ತೇ ಇದೆ. ವರ್ಷಕ್ಕೊಂದು ನಿರ್ಣಯ. ಅಧ್ಯಕ್ಷರು ಮಂಡಿಸುತ್ತಾರೆ, ಆ ವರ್ಷ ನಿವೃತ್ತರಾಗುವವರಲ್ಲಿ ಹಿರಿಯರು ಅನುಮೋದಿಸುತ್ತಾರೆ, ಉಳಿದವರು ಚಪ್ಪಾಳೆ ತಟ್ಟಿ ಚಹಾಕ್ಕೆ ಹೋಗುತ್ತಾರೆ. ಹೋದ ವರ್ಷದ ನಿರ್ಣಯ ಬೆನ್ನಿಗೆ ಆಸರೆಯಿರುವ ಕುರ್ಚಿ ಬೇಕೆಂದು. ಅದಕ್ಕೆ ಹಿಂದಿನ ವರ್ಷದ್ದೂ ಅದೇ. ಈ ವರ್ಷದ ನಿರ್ಣಯವನ್ನು ಅಧ್ಯಕ್ಷರು ಈಗಷ್ಟೇ ಓದಿದರು. ‘ಹಿಂದಿನ ಸರ್ಕಾರದ ಕಾಲದಲ್ಲಿ ನಡೆದ ವಿಚಾರಣೆಗಳ ವಿಷಯದಲ್ಲಿ ಯಾವ ಅಧಿಕಾರಿಯ ಮೇಲೂ ಯಾವ ನೌಕರನ ಮೇಲೂ ಹೊಸ ಸರ್ಕಾರ ಮೊಕದ್ದಮೆ ಹೂಡಬಾರದು.’ ಇದನ್ನು ಅನುಮೋದಿಸುವುದಕ್ಕೇ ನಾನು ಎದ್ದು ನಿಂತಿರುವುದು. ಅನುಮೋದನೆಯ ಭಾಷಣವನ್ನೂ ಅಧ್ಯಕ್ಷರೇ ಬರೆದುಕೊಟ್ಟಿದ್ದಾರೆ. ಜೇಬಿನಲ್ಲಿದೆ. ಚೆನ್ನಾಗಿಯೂ ಇದೆ.

ಅದರಲ್ಲಿರುವ ವಾದಗಳನ್ನು ಸುಳ್ಳೆಂದು ನಾನು ಹೇಳಲಾರೆ. ಅಂದು ಅದೇ ನೀತಿಯಾಗಿತ್ತು, ನೀತಿಯನ್ನು ಪಾಲಿಸಿದವನನ್ನು ಇಂದು ಕಟಕಟೆಯಲ್ಲಿ ನಿಲ್ಲಿಸುವುದು ಯಾವ ನ್ಯಾಯ? ಈ ಸರ್ಕಾರ ಹಿಂದಿನವರನ್ನು ಎಳೆದರೆ ಮುಂದಿನ ಸರ್ಕಾರ ಇವರನ್ನು ಎಳೆಯುವುದಿಲ್ಲವೇ? ಆಮೇಲೆ ಯಾವ ಅಧಿಕಾರಿ ತಾನೇ ಧೈರ್ಯವಾಗಿ ಒಂದು ಕಡತಕ್ಕೆ ಸಹಿ ಹಾಕುತ್ತಾನೆ? ಸೇಡಿಗೂ ನ್ಯಾಯಕ್ಕೂ ನಡುವಿನ ಗೋಡೆ ತೆಳುವಾದದ್ದು, ನಿಜ. ಈ ಪ್ರಶ್ನೆಗಳನ್ನು ಹೊಸ ಸರ್ಕಾರ ಬಂದ ಎಂಟು ತಿಂಗಳಿಂದ ನಾನೂ ಕೇಳಿಕೊಳ್ಳುತ್ತಿದ್ದೇನೆ. ಬಸ್ಸಿನಲ್ಲಿ ಕೇಳಿಕೊಂಡಿದ್ದೇನೆ, ಗಡ್ಡ ಮಾಡಿಕೊಳ್ಳುವಾಗ ಕೇಳಿಕೊಂಡು ಎರಡು ಸಲ ಕೆನ್ನೆ ಕೊಯ್ದುಕೊಂಡಿದ್ದೇನೆ.

ದೊಡ್ಡ ಸಾಹೇಬರು ಎದುರಿಗೇ ಇದ್ದಾರೆ. ಪತ್ರಿಕೆಗಳು ಅವರನ್ನು ರಾಕ್ಷಸ ಎಂದು ಬರೆಯುತ್ತಿವೆ. ರಾಕ್ಷಸರು ಹಾಗಿರುವುದಿಲ್ಲ. ನನ್ನ ಮನೆಯವರಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾದಾಗ ರಕ್ತ ಸಾಲದೆ ಹೋಯಿತು. ಸಾಹೇಬರು ಸಭೆ ಬಿಟ್ಟು ಎದ್ದು ಬಂದು, ಅಂಗಿಯ ತೋಳು ಮಡಚಿ, ‘ಎಷ್ಟು ಬೇಕೋ ತಗೊಳ್ಳಿ, ನಂಗೇನೂ ಆಗಲ್ಲ’ ಎಂದು ಮಲಗಿದರು. ಸಾಹೇಬರ ರಕ್ತ ಸೇರಿದ ಮೇಲೆ ನಮ್ಮ ಮನೆಯಲ್ಲಿ ಆಜ್ಞೆಗಳು ಸ್ವಲ್ಪ ಜಾಸ್ತಿಯಾದವು, ಅದು ಬೇರೆ ಮಾತು. ನಗಬಹುದು, ಅವರೂ ನಗುತ್ತಿದ್ದಾರೆ. ಆ ಋಣ ಈ ಜನ್ಮದಲ್ಲಿ ತೀರುವಂಥದ್ದಲ್ಲ.

ಇಷ್ಟು ಹೇಳಿ ‘ಅನುಮೋದಿಸುತ್ತೇನೆ’ ಎಂದು ಕುಳಿತುಬಿಟ್ಟರೆ ಕೆಲಸ ಮುಗಿಯಿತು. ಆದರೆ ಇಲ್ಲಿ ಕೆಲವರು ಹೊಸಬರಿದ್ದಾರೆ, ಅವರು ಯಾವ ವಿಷಯಕ್ಕೆ ಕೈ ಎತ್ತುತ್ತಿದ್ದಾರೆಂದು ಅವರಿಗೆ ತಿಳಿಯಬೇಡವೇ? ನಮ್ಮ ಕೆಲಸದ ರೀತಿಯನ್ನು ಸ್ವಲ್ಪ ಹೇಳುತ್ತೇನೆ.

ನಮ್ಮ ಕಚೇರಿಯ ಎರಡನೆಯ ಮಹಡಿಯ ಕೊನೆಯಲ್ಲಿ ವಿಚಾರಣೆಯ ಕೋಣೆ. ಒಂದು ಮೇಜು, ಎರಡು ಕುರ್ಚಿ, ಮೂಲೆಯಲ್ಲಿ ಸ್ಟೆನೋಗೆ ಇನ್ನೊಂದು. ಆ ಮೂರನೆಯ ಕುರ್ಚಿಯನ್ನು ಗೋಡೆಗೆ ಮುಖ ಮಾಡಿ ನೆಲಕ್ಕೆ ಬಿಗಿದಿದ್ದರು. ಸ್ಟೆನೋ ನೋಡಬಾರದು, ಕೇಳಬೇಕು. ಕೇಳಿದ್ದರಲ್ಲೂ ಮಾತನ್ನಷ್ಟೇ ಬರೆಯಬೇಕು, ಬೇರೆ ಸದ್ದು ಬರೆಯಬಾರದು. ಮಾತಿಲ್ಲದ ಪ್ರತಿ ಅರ್ಧ ನಿಮಿಷಕ್ಕೆ ಒಂದು ಅಡ್ಡಗೆರೆ ಹಾಕಬೇಕು, ಒಟ್ಟು ಅವಧಿಯನ್ನು ನಮೂನೆಯಲ್ಲಿ ತುಂಬುವುದಕ್ಕೆ. ಟೈಪ್ ಮಾಡುವಾಗ ಗೆರೆಗಳನ್ನು ಬಿಟ್ಟುಬಿಡುತ್ತಿದ್ದೆವು. ಪ್ರಶ್ನೆ, ಉತ್ತರ, ಪ್ರಶ್ನೆ, ಉತ್ತರ. ಓದಿದವರಿಗೆ ಇಬ್ಬರು ಸಜ್ಜನರು ಸಂಜೆ ಹೊತ್ತು ಕುಳಿತು ಹರಟಿದ ಹಾಗೆ ಕಾಣಬೇಕು. ಕಾಣುತ್ತಿತ್ತು ಕೂಡ. ನನ್ನ ಪ್ರತಿಗಳು ಅಚ್ಚುಕಟ್ಟಾಗಿವೆ ಎಂದು ಎರಡು ಸಲ ಪ್ರಶಂಸಾ ಪತ್ರ ಸಿಕ್ಕಿದೆ. ನಿರೂಪಕರು ಆಗಲೇ ಅದನ್ನು ಓದಿ ಹೇಳಿದರು.

‘ಅನುಮತಿಸಿದ ವಿಧಾನಗಳು’ ಎಂಬ ಹಾಳೆ ಪತ್ರಿಕೆಗಳಲ್ಲಿ ಬಂದಿದೆಯಲ್ಲ, ಅದನ್ನು ಟೈಪ್ ಮಾಡಿದವನೂ ನಾನೇ. ಹನ್ನೊಂದು ವಿಧಾನಗಳು. ಎಷ್ಟು ಗಂಟೆ ನಿಲ್ಲಿಸಬಹುದು, ಎಷ್ಟು ದಿನ ನಿದ್ದೆ ಕೊಡದಿರಬಹುದು, ನೀರು ಎಷ್ಟು ತಣ್ಣಗಿರಬಹುದು. ಕೆಳಗೆ ಮೂವರು ಕಾನೂನು ಪಂಡಿತರ ಸಹಿ. ಅಂದು ನನಗೆ ಧೈರ್ಯ ಬಂತು. ಸಹಿ ಇದೆಯಲ್ಲ, ಇನ್ನೇನು ಎಂದುಕೊಂಡೆ. ಈಗ ಬೇರೆ ಅನುಮಾನ ಬರುತ್ತದೆ. ಕೈ ತೊಳೆಯುವುದಕ್ಕೆ, ಬಾಗಿಲು ಹಾಕುವುದಕ್ಕೆ ಯಾರಾದರೂ ಮೂವರು ವಕೀಲರ ಸಹಿ ಪಡೆಯುತ್ತಾರೆಯೇ? ಮುಂದೊಂದು ದಿನ ಯಾರೋ ಬಂದು ಕೇಳುತ್ತಾರೆ ಎಂದು ನಮಗೆ ಅಂದೇ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಆ ಹಾಳೆ ಬಂತು. ಈಗ ಕೇಳುವವರು ಬಂದಿದ್ದಾರೆ, ನಾವು ಆಶ್ಚರ್ಯಪಟ್ಟವರ ಹಾಗೆ ಮುಖ ಮಾಡುತ್ತಿದ್ದೇವೆ.

ಹೊಸ ಸರ್ಕಾರದ ಆಯೋಗಕ್ಕೆ ದಾಖಲೆ ಕೋಣೆಯಲ್ಲಿ ನನ್ನ ನಲವತ್ತೊಂದು ನೋಟ್‌ಬುಕ್ಕುಗಳು ಸಿಕ್ಕಿವೆ. ಗೆರೆಗಳ ಸಮೇತ. ಆದರೆ ಒಬ್ಬ ಸ್ಟೆನೋನ ಕೈಬರಹ ಇನ್ನೊಬ್ಬ ಸ್ಟೆನೋಗೆ ಪೂರ್ತಿ ಓದಲು ಬರುವುದಿಲ್ಲ, ಅದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದ್ದರಿಂದ ಸೋಮವಾರ ಹತ್ತು ಗಂಟೆಗೆ ಬಂದು ಓದಿ ಹೇಳಬೇಕೆಂದು ನನಗೆ ಕಾಗದ ಬಂದಿದೆ. ಗುರುವಾರ ಅಧ್ಯಕ್ಷರು ಮನೆಗೆ ಬಂದಿದ್ದರು. ‘ಅಣ್ಣ, ಹಳೇ ಕೈಬರಹ, ಮರ್ತುಹೋಗಿದೆ ಅಂದ್ಬಿಡು. ಯಾರೇನ್ ಮಾಡ್ಕೋತಾರೆ? ನಿನ್ನ ಪಿಂಚಣಿ ಕಾಗದ ಇನ್ನೂ ಮೇಜಿನ ಮೇಲಿದೆ, ಜ್ಞಾಪಕ ಇರ್ಲಿ’ ಎಂದರು. ಇದನ್ನು ಇಲ್ಲಿ ಹೇಳಬಾರದಿತ್ತು. ಬಾಯಿ ತಪ್ಪಿ ಬಂತು. ಅವರು ನನ್ನ ಮೇಲಿನ ಪ್ರೀತಿಯಿಂದಲೇ ಹೇಳಿದ್ದು, ದಯವಿಟ್ಟು ಹಾಗೇ ತಿಳಿಯಿರಿ.

ಪ್ರೀತಿ ಎಂದಾಗ ನನ್ನ ಕಿವಿಯ ಕಥೆ ನೆನಪಾಗುತ್ತದೆ. ಒಂಬತ್ತು ವರ್ಷದಿಂದ ನನ್ನ ಮನೆಯವರಿಗೆ ನಾನು ಕಿವುಡ ಎಂಬ ಗುಮಾನಿ. ಅವರು ಒಂದು ತರಲು ಹೇಳಿದರೆ ನಾನು ಇನ್ನೊಂದು ತರುತ್ತೇನೆ. ‘ಕೇಳಿಸ್ಲಿಲ್ಲ ಅಂದ್ರೆ ಇನ್ನೊಂದ್ಸಲ ಕೇಳೋಕೇನ್ರೀ ಕಷ್ಟ?’ ಎಂದು ಬೈದು ಕಿವಿಯ ವೈದ್ಯರ ಹತ್ತಿರ ಕರೆದುಕೊಂಡು ಹೋದರು. ವೈದ್ಯರು ಹೆಡ್‌ಫೋನ್ ಹಾಕಿ, ಗುಂಡಿ ಒತ್ತಿಸಿ, ಎಲ್ಲ ಪರೀಕ್ಷೆ ಮಾಡಿ, ‘ನಿಮ್ಮ ವಯಸ್ಸಿಗೆ ಇಂಥ ಕಿವಿ ನೋಡಿಲ್ಲ’ ಎಂದರು. ಮನೆಯವರಿಗೆ ಇನ್ನೂ ಸಿಟ್ಟು ಬಂತು. ಕಿವಿ ಸರಿಯಿದ್ದೂ ನನ್ನ ಮಾತು ಕೇಳಿಸುವುದಿಲ್ಲವೆಂದರೆ ಏನರ್ಥ ಎಂದು ಮೂರು ದಿನ ಮಾತಾಡಲಿಲ್ಲ.

ಕಿವಿ ಸರಿಯಿದೆ. ಬಾಯಿ ಬರುವುದಿಲ್ಲ. ಒಂಬತ್ತು ವರ್ಷದಿಂದ ‘ಇನ್ನೊಮ್ಮೆ ಹೇಳಿ’ ಎಂಬ ಮಾತು ನನ್ನ ಬಾಯಿಂದ ಹೊರಡುವುದಿಲ್ಲ. ಕೇಳಿಸಿದರೂ ಕೇಳಿಸದಿದ್ದರೂ ತಲೆಯಾಡಿಸಿಬಿಡುತ್ತೇನೆ.

ಒಂಬತ್ತು ವರ್ಷದ ಹಿಂದೆ ಒಬ್ಬ ಗಣಿತದ ಮೇಷ್ಟ್ರನ್ನು ಆ ವಿಚಾರಣೆಯ ಕೋಣೆಗೆ ತಂದಿದ್ದರು. ಅವರ ಅಣ್ಣನ ಮಗ ಎಲ್ಲಿ ಅಡಗಿದ್ದಾನೆ ಎಂಬುದು ಪ್ರಶ್ನೆ. ಮೂರನೆಯ ದಿನ. ಗೆರೆಗಳು ಒಂದು ಪುಟ ತುಂಬಿದ್ದವು. ಕೊನೆಗೆ ಮೇಷ್ಟ್ರು ಒಂದು ಬೀದಿಯ ಹೆಸರು ಹೇಳಿದರು, ಆಮೇಲೆ ಮನೆಯ ಸಂಖ್ಯೆ. ಬೀದಿ ಕೇಳಿಸಿತು. ಸಂಖ್ಯೆ ಗಂಟಲಲ್ಲೇ ಉಳಿಯಿತು. ದೊಡ್ಡ ಸಾಹೇಬರು, ‘ಸಾಕು, ಇವತ್ತಿಗೆ ಬಿಡಿ’ ಎಂದರು. ಹೌದು ಸಾರ್, ನೀವು ಹಾಗೆಯೇ ಅಂದಿರಿ. ಅದು ನನ್ನ ಪುಸ್ತಕದಲ್ಲಿದೆ.

ನನ್ನ ಪೆನ್ನು ಸಾಲಿನ ಮಧ್ಯದಲ್ಲಿ ನಿಂತಿತ್ತು. ಸ್ಟೆನೋಗೆ ಅರ್ಧ ಸಾಲು ಎಂದರೆ ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡ ಹಾಗೆ. ಎಷ್ಟೋ ಸಭೆಗಳಲ್ಲಿ ಪೆನ್ನೆತ್ತಿ ಕೇಳಿದ ಹಾಗೇ, ಯೋಚನೆ ಮಾಡದೆ, ಗೋಡೆ ನೋಡಿಕೊಂಡೇ ಹೇಳಿದೆ. ‘ಇನ್ನೊಮ್ಮೆ ಹೇಳಿಸಿ ಸಾರ್, ನನಗೆ ಕೇಳಿಸಲಿಲ್ಲ.’

ಆಮೇಲೆ ಇಪ್ಪತ್ತಾರು ಗೆರೆಗಳು. ಹದಿಮೂರು ನಿಮಿಷ. ಒಂದೊಂದನ್ನೂ ಗಡಿಯಾರ ನೋಡಿ ನೇರವಾಗಿ ಎಳೆದಿದ್ದೇನೆ. ಕೊನೆಗೆ ಮೇಷ್ಟ್ರು ‘ಹದಿನೇಳು’ ಎಂದರು. ಈ ಸಲ ಸ್ಪಷ್ಟವಾಗಿ ಕೇಳಿಸಿತು. ಆ ಬೀದಿಯಲ್ಲಿ ಹನ್ನೆರಡೇ ಮನೆಗಳಿದ್ದವು ಎಂದು ಮಾರನೆಯ ದಿನ ಗೊತ್ತಾಯಿತು. ಟೈಪ್ ಮಾಡಿದ ಪ್ರತಿಯಲ್ಲಿ ಅದು ಎರಡೇ ಸಾಲು. ಪ್ರಶ್ನೆ, ಮನೆಯ ಸಂಖ್ಯೆ ಎಷ್ಟು? ಉತ್ತರ, ಹದಿನೇಳು.

ಸಭಿಕರೇ, ಸ್ಟೆನೋ ತನ್ನ ಸ್ವಂತ ಮಾತನ್ನು ಬರೆದುಕೊಳ್ಳುವುದಿಲ್ಲ. ಅದು ನಮ್ಮ ವೃತ್ತಿಯ ಮೊದಲ ಪಾಠ. ನಾನೂ ಬರೆದುಕೊಳ್ಳಲಿಲ್ಲ. ಹಾಗಾಗಿ ಸೋಮವಾರ ನಾನು ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ ಓದಿದರೆ ಏನಾಗುತ್ತದೆ? ಸಾಹೇಬರು ‘ಸಾಕು’ ಎಂದರು, ಆಮೇಲೆ ಇಪ್ಪತ್ತಾರು ಗೆರೆ. ಕೇಳಿದವರು ಏನು ತಿಳಿಯುತ್ತಾರೆ? ಸಾಕು ಎಂದವರೇ ಮನಸ್ಸು ಬದಲಾಯಿಸಿ ಮತ್ತೆ ಶುರು ಮಾಡಿದರು ಎಂದು. ನಾನು ಒಂದಕ್ಷರ ಸುಳ್ಳು ಹೇಳದೆ ನನ್ನ ಪಾಲನ್ನೂ ಸಾಹೇಬರ ತಲೆಗೆ ಕಟ್ಟಿ, ಪಿಂಚಣಿ ತೆಗೆದುಕೊಂಡು ಮನೆಗೆ ಹೋಗಬಹುದು. ಓದಲು ಬರುವುದಿಲ್ಲ ಎಂದರೆ ಇಬ್ಬರೂ ಬಚಾವು. ಆಯೋಗದ ವಕೀಲರಂತೂ ಫೋನಿನಲ್ಲಿ, ‘ನೀವು ಬರೀ ಸಾಕ್ಷಿ, ನಿಮಗ್ಯಾಕೆ ಭಯ?’ ಎಂದು ಸಮಾಧಾನ ಮಾಡಿದರು. ಆ ಮಾತು ಕೇಳಿ ನನಗಾದ ನಾಚಿಕೆಯನ್ನು ಯಾರಿಗೆ ಹೇಳಲಿ?

ಆ ಮೇಷ್ಟ್ರು ಬದುಕಿದ್ದಾರೆ. ಪಾಠವನ್ನೂ ಮಾಡುತ್ತಾರಂತೆ. ಬಲಗೈ ಭುಜಕ್ಕಿಂತ ಮೇಲೇಳುವುದಿಲ್ಲವಂತೆ, ಬೋರ್ಡಿನ ಕೆಳಗಿನ ಅರ್ಧದಲ್ಲಷ್ಟೇ ಗಣಿತ ಬರೆಯುತ್ತಾರಂತೆ. ಸೋಮವಾರ ಅವರೂ ಆಯೋಗದ ಮುಂದೆ ಇರುತ್ತಾರೆ. ಅಂದು ಅವರ ಮುಖವನ್ನು ನಾನು ನೋಡಿರಲಿಲ್ಲ.

ಶಿಕ್ಷೆ ಎಷ್ಟು, ಯಾರಿಗೆ, ಆಜ್ಞೆ ಕೊಟ್ಟವರಿಗೋ ಕೈ ಮಾಡಿದವರಿಗೋ ಕಾಗದ ಟೈಪ್ ಮಾಡಿದವನಿಗೋ, ಇದನ್ನೆಲ್ಲ ತೀರ್ಮಾನಿಸುವಷ್ಟು ಓದಿದವನಲ್ಲ ನಾನು. ಯಾರನ್ನೂ ಜೈಲಿಗೆ ಹಾಕಿ ಎಂದೂ ಹೇಳುತ್ತಿಲ್ಲ. ಹಾಗೆ ಹೇಳುವ ಯೋಗ್ಯತೆಯೂ ನನಗಿಲ್ಲ. ಆದರೆ ಕೇಳಲೇಬಾರದು ಎಂದು ನಿರ್ಣಯ ಮಾಡಲು ನಾವು ಯಾರು? ನಮ್ಮನ್ನು ಕೇಳುವಾಗ ಕೂರಲು ಕುರ್ಚಿ ಕೊಡುತ್ತಾರೆ, ನೀರು ಕೊಡುತ್ತಾರೆ, ಪಕ್ಕದಲ್ಲಿ ವಕೀಲರಿರುತ್ತಾರೆ. ಗೊತ್ತಿಲ್ಲ ಎಂದರೆ ಸರಿ, ಮುಂದಿನ ಪ್ರಶ್ನೆ ಎನ್ನುತ್ತಾರೆ. ಇಷ್ಟಕ್ಕೇ ಹೆದರಿ ನಾವು ನಿರ್ಣಯ ಮಂಡಿಸುತ್ತಿದ್ದೇವೆ. ಸಾರ್, ಅಂದಿನ ಆ ಹದಿಮೂರು ನಿಮಿಷ ನನ್ನಿಂದ ಶುರುವಾದದ್ದು. ಅದನ್ನು ನಾನು ಹೇಳುತ್ತೇನೆ. ನಲವತ್ತೊಂದು ಪುಸ್ತಕಗಳ ಉಳಿದ ಗೆರೆಗಳಿಗೆ ನೀವು ಉತ್ತರ ಹೇಳಬೇಕಾಗುತ್ತದೆ. ನನ್ನ ಮನೆಯವರ ಮೈಯಲ್ಲಿ ನಿಮ್ಮ ರಕ್ತವಿದೆ ಎಂಬುದನ್ನು ಮರೆಯದೆಯೇ ಇದನ್ನು ಹೇಳುತ್ತಿದ್ದೇನೆ. ತುಂಬ ಕಷ್ಟವಾಗುತ್ತಿದೆ.

ನನ್ನ ಮನೆಯವರಿಗೆ ಇದನ್ನೆಲ್ಲ ಇವತ್ತು ಬೆಳಿಗ್ಗೆಯಷ್ಟೇ ಹೇಳಿದೆ. ನನ್ನ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದರು. ಪೂರ್ತಿ ಕೇಳಿಸಿಕೊಂಡರು, ಕಾಲರನ್ನು ತಿರುಗಿಸಿ ಹಾಕಿದರು, ‘ಸೋಮವಾರಕ್ಕೂ ಇದೇ ಆಗತ್ತಾ, ಬೇರೆ ತೆಗೀಲಾ?’ ಎಂದರು. ಅಷ್ಟೇ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಈ ನಿರ್ಣಯವನ್ನು ನಾನು ಅನುಮೋದಿಸುವುದಿಲ್ಲ. ಅಕ್ಕನವರಾಗಲಿ ಮತ್ತೊಬ್ಬರಾಗಲಿ ಅನುಮೋದಿಸಬಹುದು, ನನಗೇನೂ ಬೇಸರವಿಲ್ಲ.

ಮುಗಿಸುವ ಮೊದಲು ಒಂದು ತಪ್ಪೊಪ್ಪಿಗೆ. ನಾನು ಧೈರ್ಯವಂತನಲ್ಲ. ಸೋಮವಾರ ಮೇಷ್ಟ್ರ ಮುಖ ಕಂಡಾಗ ನಾಲಿಗೆ ಹೊರಳದೆ, ಪುಸ್ತಕದಲ್ಲಿದ್ದಷ್ಟನ್ನೇ ಓದಿ ಎದ್ದು ಬಂದುಬಿಡುತ್ತೇನೇನೋ ಎಂಬ ಹೆದರಿಕೆ ನನಗಿದೆ. ಆದ್ದರಿಂದಲೇ ಈ ಸಭೆಯಲ್ಲಿ ಹೇಳಿದೆ. ಸ್ಟೆನೋ ಆದವರ ಚಾಳಿ ನನಗೆ ಗೊತ್ತು. ಯಾರ ಮಾತು ಕಿವಿಗೆ ಬಿದ್ದರೂ ನಮ್ಮ ಬೆರಳು ತಾನಾಗಿಯೇ ತೊಡೆಯ ಮೇಲೆ ಬರೆದುಕೊಳ್ಳುತ್ತದೆ. ಇಷ್ಟು ಹೊತ್ತೂ ಇಲ್ಲಿಂದ ನಿಮ್ಮ ಬೆರಳುಗಳನ್ನೇ ನೋಡುತ್ತಿದ್ದೆ. ‘ಇನ್ನೊಮ್ಮೆ ಹೇಳಿಸಿ ಸಾರ್’ ಎಂದಾಗ ಒಂದು ಬೆರಳೂ ನಿಲ್ಲಲಿಲ್ಲ. ಈಗ ಆ ಮಾತು ನೂರಿಪ್ಪತ್ತು ಜನರ ಹತ್ತಿರ ಇದೆ, ನಾನು ಬಿಟ್ಟು ಓದುವ ಹಾಗಿಲ್ಲ.

ಬರೆದುಕೊಂಡದ್ದಕ್ಕೆ ನಿಮಗೆಲ್ಲ ಋಣಿಯಾಗಿದ್ದೇನೆ. ನಮಸ್ಕಾರ.