ದುಂಡು ಬಾವಿಯ ಈಜುಗಾತಿ

ಮಾಯಸಂದ್ರದ ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಒಬ್ಬ ಅಜ್ಜಿ, ಯೂನಿಫಾರ್ಮಿನಲ್ಲಿದ್ದ ಮೊಮ್ಮಗಳು ಕೂತಿದ್ದರು. ಹುಡುಗಿಯ ತೊಡೆಯ ಮೇಲೆ ತೆಂಗಿನ ನಾರಿನ ಹಗ್ಗದ ಸುರುಳಿ.

“ಈ ವರ್ಷ ಕುದುರೆ ಸವಾರೀಲಿ ಸ್ಕೂಲಿಗೆ ಎರಡು ಕಪ್ ಬಂದ್ವು ಕಣಜ್ಜಿ. ಈಜಲ್ಲಿ ಒಂದೂ ಇಲ್ಲ, ನನ್ನಿಂದ.”

“ನೀನೇ ಮುಂದಿದ್ದೆ ಅಂದ್ಯಲ್ಲೇ?”

“ಮುಂದಿದ್ದೆ. ನಮ್ ಬಾವೀಲಿ ಸುತ್ತು ಹೊಡ್ದು ಅಭ್ಯಾಸ ನೋಡು, ಈಜುಕೊಳದಲ್ಲೂ ದುಂಡಗೆ ತಿರುಗಿ, ಸಾಲುಗಳ ಮಧ್ಯ ಕಟ್ಟಿರೋ ಹಗ್ಗದಡಿ ನುಗ್ಗಿ ಪಕ್ಕದೋಳ ಸಾಲಿಗೆ ಹೋಗ್ಬುಟ್ಟೆ. ಔಟ್ ಅಂದ್ರು.”

“ಈ ಹಗ್ಗ ಯಾಕೆ?”

“ಕೃಷಿ ಹೊಂಡದ ಉದ್ದಕ್ಕೂ ಕಟ್ತೀನಿ. ಸುಲೀದಿರೋ ಒಣ ತೆಂಗಿನಕಾಯಿ ಕಟ್ಟಿದ್ರೆ ತೇಲ್ತದೆ. ಮುಂದಿನ ವರ್ಷದೊಳಗೆ ನೆಟ್ಟಗೆ ಹೋಗಿ ನೆಟ್ಟಗೆ ಬರೋದು ಕಲೀತೀನಿ.”

“ಹಗ್ಗ ದಾಟಿದ್ರೆ?”

“ನೀನು ದಡದಲ್ಲಿ ಕೂತ್ಕೊಂಡು ಔಟ್ ಅನ್ನು. ಮೊಮ್ಮಗಳು ಅಂತ ಬುಡಬೇಡ.”

ಬಸ್ಸು ಬಂತು. ಅಜ್ಜಿ ಹಗ್ಗವನ್ನು ತನ್ನ ಹೆಗಲಿಗೆ ಹಾಕಿಕೊಂಡು ಹತ್ತುತ್ತಾ, “ಔಟ್!” ಎಂದು ಜೋರಾಗಿ ಒಮ್ಮೆ ಕೂಗಿ ನೋಡಿದಳು. ಇಳಿಯುತ್ತಿದ್ದ ಕಂಡಕ್ಟರ್ ಬೆಚ್ಚಿ ನಿಂತ.