ನಡುವಿನ ಎರಡು ಕುರ್ಚಿ

ಅದೇ ಹೇಳುವುದು ನಾನು, ಆಷಾಢದ ಹೊತ್ತಿನ ಈ ಆಟಿ ತಿಂಗಳಲ್ಲಿ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ ಅಂತ ನನಗೆ ಎಂತ ಗೊತ್ತು? ನಮ್ಮ ಇಗರ್ಜಿಯಲ್ಲಿ, ಚರ್ಚಿನಲ್ಲಿ, ಆಟಿ ಗೀಟಿ ಅಂತ ಲೆಕ್ಕ ಇಲ್ಲ. ಆಟಿ ಅಂದರೆ ನನಗೆ ಪತ್ರೊಡೆ ತಿನ್ನುವ ತಿಂಗಳು, ಅಷ್ಟೆ. ಇಲ್ಲೇ ಕೂತುಕೊಳ್ಳಿ, ಮಳೆ ನೀರು ಒಳಗೆ ಹಾರುವುದಿಲ್ಲ. ಕೊಂಕಣಿಯಲ್ಲಿ ಹೇಳಿದರೆ ನಿಮ್ಮ ಈ ಫ್ರೆಂಡ್‌ಗೆ ಗೊತ್ತಾಗ್ಲಿಕ್ಕಿಲ್ಲ, ಕನ್ನಡದಲ್ಲೇ ಹೇಳ್ತೇನೆ. ಆಗ ನಾವು ಫಳ್ನೀರಿನಲ್ಲಿ ಬಾಡಿಗೆಗೆ ಇದ್ದದ್ದು. ನಿಮ್ಮ ಅಜ್ಜ ಗಲ್ಫ್ ಬಿಟ್ಟು ಬಂದವರು, ಊರಲ್ಲಿ ಮದುವೆ ಫೋಟೋ ತೆಗೆದು ಬದುಕುವಾ ಅಂತ ಒಂದು ದೊಡ್ಡ ಕ್ಯಾಮರಾ ತಂದಿದ್ದರು, ಡಿಜಿಟಲ್. ಅದರ ಬೆಲ್ಟನ್ನು ಕೊರಳಿಗೆ ಹಾಕಿ ನಾಲ್ಕು ದಿನ ಆಗಿಲ್ಲ, ಅಲ್ಲ, ಒಂದು ತಿಂಗಳಾಗಿತ್ತು, ಸ್ಟ್ರೋಕ್ ಆಗಿ ಬಲಬದಿ ಸ್ವಾಧೀನ ಇಲ್ಲ. ನಾನು ಕ್ಯಾಮರಾ ಮಾರುವಾ ಅಂದೆ. ಅವರು ಎಡಗೈಯಲ್ಲಿ ನನ್ನನ್ನು ತೋರಿಸಿ, ನೀನು ತೆಗಿ ಫಿಲೋ, ಅಂದರು. ನಾನು ಅಂದರೆ ಯಾರು? ಅಷ್ಟರವರೆಗೆ ಮೊಬೈಲಲ್ಲಿ ತೆಗೆದರೆ ಬರುವುದು ನನ್ನದೇ ಹೆಬ್ಬೆರಳು. ಆದರೆ ಮನೆ ನಡೀಬೇಕಲ್ಲ ಮಾರಾಯ. ಅವರು ಮಲಗಿದಲ್ಲಿಂದಲೇ ಕಲಿಸಿದರು, ನಾನು ಅಕ್ಕಿ ಡಬ್ಬಿ, ಸಕ್ಕರೆ ಡಬ್ಬಿ ಸಾಲಾಗಿ ಇಟ್ಟು ಗ್ರೂಪ್ ಫೋಟೋ ತೆಗೆದೆ. ನಗಬೇಡಿ, ಹಾಗೇ ಕಲಿತದ್ದು. ಡಬ್ಬಿಗಳ ನಡುವೆ ಜಾಗ ಬಿಟ್ಟರೆ ಬೈಗುಳ. ಹತ್ತಿರ ಹತ್ತಿರ ಕೂರಿಸು, ಫೋಟೋದ ನಡುವೆ ತೂತು ಇರಬಾರದು ಅಂತ.

ಆಮೇಲೆ ಎದುರಿನ ಅಂಗಡಿಯಲ್ಲಿ ನಮ್ಮ ನಂಬರ್ ಅಂಟಿಸಿದೆವು. ಯಾರೂ ಫೋನ್ ಮಾಡ್ಲಿಲ್ಲ, ಮಾಡ್ಲಿಲ್ಲ, ಕಡೆಗೆ ಒಂದು ದಿನ ಒಬ್ಬರು ಹೆಂಗಸು ಮಾಡಿದರು, ಕೊಂಚಾಡಿಯಿಂದ. ವಾರಿಜಕ್ಕ ಅಂತ. ಮಗಳ ಮದುವೆ, ಮನೆಯಲ್ಲೇ, ಆಲ್ಬಮ್ ಎಲ್ಲ ಬೇಡ ಬಾಯಮ್ಮ, ಎರಡು ಮನೆಯವರು ಒಟ್ಟಿಗೆ ಕೂತ ಒಂದೇ ಒಂದು ಫೋಟೋ ಚಂದ ಆಗಿ ತೆಗೆದುಕೊಟ್ಟರೆ ಸಾಕು ಅಂದರು, ನಮ್ಮ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಅಂತಲೇ ಕರೆಯುವುದು. ನನಗೆ ಖುಷಿಯೋ ಖುಷಿ. ದೊಡ್ಡ ಸ್ಟುಡಿಯೋದವರೆಲ್ಲ ಬರುವುದಿಲ್ಲ ಅಂದ ಮೇಲೆ ನನಗೆ ಫೋನ್ ಬಂದದ್ದು ಅಂತ ಆಮೇಲೆ ಗೊತ್ತಾದದ್ದು. ನಿಮ್ಮ ಅಜ್ಜ, ಇದ್ದ ಒಂದು ಒಳ್ಳೆ ಸೀರೆ ಉಡು ಅಂದರು, ಉಟ್ಟೆ. ಸಿಟಿ ಬಸ್ಸಲ್ಲಿ ಕ್ಯಾಮರಾವನ್ನು ಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡು ಹೋದೆ.

ಹೋಗಿ ನೋಡಿದರೆ ಚಪ್ಪರ ಇಲ್ಲ, ವಾಲಗ ಇಲ್ಲ, ಮಕ್ಕಳ ಗಲಾಟೆ ಇಲ್ಲ. ಮದುವೆ ಮನೆ ಅಂದರೆ ಒಬ್ಬರಾದರೂ ಜೋರು ಮಾತಾಡ್ತಾರಲ್ಲ, ಇಲ್ಲಿ ಎಲ್ಲರೂ ಗುಸುಗುಸು. ಮಳೆಯ ಕತ್ತಲೆಗೆ ಸಂಜೆಯೇ ಲೈಟ್ ಹಾಕಿದ್ದರು. ವಾರಿಜಕ್ಕ ಅಂದರೆ ನನ್ನ ಪ್ರಾಯದವರು, ಹೊಸ ಸೀರೆ, ಮಂಡೆ ತುಂಬ ಮಲ್ಲಿಗೆ, ಕಣ್ಣು ಮಾತ್ರ ರಾತ್ರಿ ಇಡೀ ನಿದ್ದೆ ಇಲ್ಲದ ಹಾಗೆ. ಮದುಮಗಳು ಸೀರೆ ಉಡ್ತಾ ಇದ್ದಾಳೆ, ಸ್ವಲ್ಪ ಕೂತುಕೊಳ್ಳಿ ಅಂದರು. ನಾನು ಕೂರಲಿಲ್ಲ. ಮದುಮಗಳು ಹೊರಗೆ ಬರುವ ಫೋಟೋ ಒಂದು ಪುಕ್ಕಟೆ ತೆಗೆದುಕೊಡುವಾ ಅಂತ ಆ ಕೋಣೆಯ ಬಾಗಿಲ ಎದುರು ಕ್ಯಾಮರಾ ಹಿಡಿದು ನಿಂತೆ. ಎಷ್ಟು ನಿಂತರೂ ಒಳಗಿಂದ ಒಂದು ಬಳೆ ಸದ್ದು ಇಲ್ಲ, ನಗು ಇಲ್ಲ. ಗಂಡಿನ ಕಡೆಯ ಮುದುಕರೊಬ್ಬರು, ಹೊತ್ತಾಗ್ತದೆ, ಅವಳಿಗೆ ಬೇಗ ಬರ್ಲಿಕ್ಕೆ ಹೇಳಿ ಅಂತ ಕಿರಿಕಿರಿ ಮಾಡಿದರು. ಹೆಂಗಸರು, ಬರ್ತಾಳೆ ಬರ್ತಾಳೆ, ಹೆಣ್ಣು ಮಕ್ಕಳಿಗೆ ಹೊತ್ತು ಬೇಡವಾ ಅಂತ ಸಮಾಧಾನ ಮಾಡಿದರು. ಆಮೇಲೆ ಬಾಗಿಲು ತೆರೆಯಿತು. ವಾರಿಜಕ್ಕನ ತಂಗಿಯೊಬ್ಬರು ಎರಡೂ ಕೈ ಮೇಲೆ ಮಡಚಿದ ಸೀರೆ ಹಿಡಿದುಕೊಂಡು ಬಂದರು, ಮೇಲೆ ರವಕೆ, ಕರಿಮಣಿ, ಮಲ್ಲಿಗೆ. ಬರುವುದು ಹೇಗೆ ಗೊತ್ತುಂಟಾ, ನಿಧಾನ ನಿಧಾನ, ಹಿಂದೆ ತಿರುಗಿ ತಿರುಗಿ ನೋಡಿಕೊಂಡು. ನಾನು ಅವರ ಹಿಂದೆ ನೋಡ್ತೇನೆ. ಮಂಚ ಉಂಟು, ಕನ್ನಡಿ ಉಂಟು, ಮನುಷ್ಯರು ಇಲ್ಲ. ಚಾವಡಿಯಲ್ಲಿ ಕೂತವರೆಲ್ಲ ಎದ್ದು ನಿಂತು ದಾರಿ ಬಿಟ್ಟರು.

ಆ ಸೀರೆಯನ್ನು ಒಂದು ಕುರ್ಚಿ ಮೇಲೆ ಇಟ್ಟರು. ಪಕ್ಕದ ಕುರ್ಚಿಯಲ್ಲಿ ಬಿಳಿ ಪಂಚೆ, ಅಂಗಿ, ಒಂದು ವಾಚು. ಧಾರೆ ಎರೆದರು, ಅಕ್ಕಿ ಹಾಕಿದರು. ನನ್ನ ಮಂಡೆ ನೋಡಿ, ಇದು ಇವರ ಏನೋ ಮೊದಲಿನ ಶಾಸ್ತ್ರ, ಹುಡುಗ ಹುಡುಗಿ ಆಮೇಲೆ ಬರ್ತಾರೆ ಅಂತಲೇ ಇದ್ದೆ. ಅಷ್ಟರಲ್ಲಿ ಗ್ರೂಪ್ ಫೋಟೋಕ್ಕೆ ಎಲ್ಲರೂ ಬಂದು ಸಾಲಾಗಿ ನಿಂತರು, ಆಚೆ ಈಚೆ ಕೂತರು, ಈ ಎರಡು ಕುರ್ಚಿ ಸರೀ ನಡುವೆ. ಅಜ್ಜನ ಬೈಗುಳ ಕಿವಿಯಲ್ಲಿ ಉಂಟಲ್ಲ. ನಾನು ದೊಡ್ಡ ಫೋಟೋಗ್ರಾಫರ್, ನಡುವೆ ಖಾಲಿ ಕಾಣ್ತದೆ, ಹಿರಿಯರು ಯಾರಾದರೂ ಇಬ್ಬರು ಇಲ್ಲಿ ಕೂತುಕೊಳ್ಳಿ ಅಂತ ಹೇಳಿ, ಸೀರೆ ಎತ್ತಿ ಬದಿಗಿಡ್ಲಿಕ್ಕೆ ಕೈ ಹಾಕಿದೆ.

ವಾರಿಜಕ್ಕ ನನ್ನ ಕೈ ಹಿಡಿದರು. ಗಟ್ಟಿ ಹಿಡಿಯಲಿಲ್ಲ, ಹಿಡಿದರು ಅಷ್ಟೆ.

"ಖಾಲಿ ಇಲ್ಲ ಬಾಯಮ್ಮ. ಅದು ನನ್ನ ದೊಡ್ಡ ಮಗಳು."

ಆಮೇಲೆ ಅಲ್ಲೇ ನಿಂತು ಸಣ್ಣ ಸ್ವರದಲ್ಲಿ ಹೇಳಿದರು. ಹುಟ್ಟಿ ಹೆಸರಿಡುವ ಮೊದಲೇ ಹೋದ ಮಗು ಅಂತೆ. ಮದುಮಗನೂ ಹಾಗೆ, ಅವರ ಮನೆಯಲ್ಲಿ ಸಣ್ಣದರಲ್ಲೇ ಜ್ವರ ಬಂದು ಹೋದದ್ದು. ಹೋದ ಮಕ್ಕಳು ಅಲ್ಲಿಯೂ ಬೆಳೀತಾರೆ, ಇವರಿಗೆ ಮದುವೆ ಪ್ರಾಯ ಆಯ್ತು. ಎರಡನೇ ಮಗಳಿಗೆ ಬಂದ ಸಂಬಂಧ ಎಲ್ಲ ತಪ್ಪಿ ಹೋಗ್ತಿತ್ತು, ಜೋಯಿಸರಲ್ಲಿ ಕೇಳಿಸಿ ನೋಡಿದಾಗ ದೊಡ್ಡವಳು ಕಾಯ್ತಾ ಇದ್ದಾಳೆ, ಮೊದಲು ಅವಳದ್ದು ಮಾಡಿ ಅಂತ ಬಂತಂತೆ. ಕುಲೆ ಮದಿಮೆ ಅಂತ ತುಳುವಿನಲ್ಲಿ, ಸತ್ತವರಿಗೆ ಸತ್ತವರನ್ನೇ ಕೊಟ್ಟು ಮಾಡುವ ಮದುವೆ, ಅದಕ್ಕೆ ಆಟಿಯೇ ಆಗಬೇಕು. ಇಷ್ಟು ಹೇಳಿ ಗೋಡೆ ತೋರಿಸಿದರು. ಎಲ್ಲ ಮಕ್ಕಳ ಫೋಟೋ ಉಂಟು, ಶಾಲೆಯದ್ದು, ಕಾಲೇಜಿನದ್ದು.

"ಇವಳದ್ದೊಂದು ಇಲ್ಲ ಬಾಯಮ್ಮ. ಈಗ ಗಂಡನ ಮನೆಗೆ ಹೋದರೆ ಇನ್ನು ನನ್ನ ಮನೆಯವಳಲ್ಲ ಅವಳು. ಒಂದು ಫೋಟೋ ನನಗೆ ಇರಲಿ."

ಸುಳ್ಳು ಯಾಕೆ ಹೇಳ್ಬೇಕು ಮಕ್ಕಳೇ, ಕ್ಯಾಮರಾ ಹಿಡಿದ ಕೈಯಲ್ಲೇ ಶಿಲುಬೆ ಗುರುತು ಹಾಕಿಕೊಂಡೆ. ಓಡಿ ಹೋಗುವಾ ಅಂತ ಕಂಡಿತು. ಆದರೆ ಆ ಹೆಂಗಸಿನ ಮುಖ ನೋಡಿ ಓಡ್ಲಿಕ್ಕೆ ಆಗ್ಲಿಲ್ಲ, ನನಗೂ ಮಕ್ಕಳಿದ್ದಾರೆ, ಪಾಪ ಕಂಡಿತು. ಕ್ಯಾಮರಾ ಕಣ್ಣಿಗೆ ಹಿಡಿದೆ. ಹಿಡಿದರೆ ಹೊಸ ತಾಪತ್ರಯ. ಕೂತವರ ಮಂಡೆ ಕಟ್ ಆಗ್ಬಾರದಲ್ಲ, ಕುರ್ಚಿ ಮೇಲೆ ಎಷ್ಟು ಜಾಗ ಬಿಡುವುದು? ಹುಡುಗಿ ಎತ್ತರ ಎಷ್ಟು ಅಂತ ಕೇಳಿದೆ. ನಾನೇ ಕೇಳಿದ್ದು, ಈ ಬಾಯಿಯಲ್ಲಿ. ವಾರಿಜಕ್ಕ ಒಂದು ಚೂರೂ ಯೋಚನೆ ಮಾಡ್ಲಿಲ್ಲ, ಸೀರೆಯ ಮೇಲೆ ಗಾಳಿಯಲ್ಲಿ ಅಂಗೈ ಇಟ್ಟು, ಇಷ್ಟು, ಅಪ್ಪನ ಹಾಗೆ ಎತ್ತರ ಇವಳು ಅಂದರು. ಹಿಂದೆ ನಿಂತಿದ್ದ ಅವಳ ತಮ್ಮ ಅದನ್ನು ನೋಡಿ ಅಷ್ಟಕ್ಕೇ ಸರಿಯಾಗಿ ಬದಿಗೆ ಸರಿದ, ಅಕ್ಕ ಅಡ್ಡ ಬರ್ತಾಳೆ ಅಂತ.

ಒಂದು ತೆಗೆದೆ. ವಾರಿಜಕ್ಕ ಎದ್ದು ಬಂದು, ತೋರಿಸಿ ಅಂತ ಕ್ಯಾಮರಾದ ಸ್ಕ್ರೀನಿಗೆ ಬಗ್ಗಿದರು. ನೋಡಿದರು, ನೋಡಿದರು. ಅವರ ಮಲ್ಲಿಗೆ ವಾಸನೆ ನನ್ನ ಮೂಗಿಗೆ ಬರ್ತಾ ಉಂಟು.

"ಕಣ್ಣು ಮುಚ್ಚಿದ್ದಾಳೆ. ಇನ್ನೊಂದು ತೆಗೀರಿ."

ನಾನು ಸ್ಕ್ರೀನ್ ನೋಡಿದೆ. ಕೂತವರದ್ದು ನಿಂತವರದ್ದು ಒಬ್ಬೊಬ್ಬರದ್ದೇ ನೋಡಿದೆ, ಎಲ್ಲರ ಕಣ್ಣೂ ತೆರೆದೇ ಉಂಟು. ನಡುವೆ ಸೀರೆ, ಮಲ್ಲಿಗೆ, ಕುರ್ಚಿಯ ಬೆನ್ನು. ಯಾರೂ ನಗಲಿಲ್ಲ, ನೋಡಿ. ಆ ಕಿರಿಕಿರಿ ಮುದುಕರು ಕನ್ನಡಕ ಹಾಕಿಕೊಂಡು ಬಂದು ಇಣುಕಿ, ಹೌದು, ಹುಡುಗ ಸರಿ ಬಂದಿದ್ದಾನೆ, ಹುಡುಗಿದ್ದೇ ಹಾಳಾದದ್ದು, ಇನ್ನೊಂದು ತೆಗೆಯಲಿ ಅಂದು ವಾಪಸ್ ಹೋಗಿ ಕೂತರು. ನಾನು ಪುನಃ ಕ್ಯಾಮರಾ ಎತ್ತಿದೆ. ಈ ಸಲ ನನ್ನ ಬಾಯಿಂದ ತನ್ನಷ್ಟಕ್ಕೆ ಬಂತು, ಮಗಾ, ಸ್ವಲ್ಪ ಇತ್ತ ನೋಡು ಅಂತ. ಯಾರಿಗೆ ಹೇಳಿದೆ ಅಂತ ನನ್ನನ್ನು ಕೇಳಬೇಡಿ. ಎರಡನೆಯದ್ದು ನೋಡುವಾಗ ವಾರಿಜಕ್ಕನ ಕಣ್ಣಲ್ಲಿ ನೀರು ಇಳಿಯಿತು. ಈಗ ಸರಿ ಬಂದಳು, ಮೂಗು ನನ್ನದೇ ಅಲ್ವಾ ಬಾಯಮ್ಮ ಅಂದರು. ನಾನು ಹೌದು ಅಂದೆ. ಸೆರಗಿನ ತುದಿಯಲ್ಲಿ ಸ್ಕ್ರೀನನ್ನು ಮೆಲ್ಲ ಒರೆಸಿ ಕ್ಯಾಮರಾ ವಾಪಸ್ ಕೊಟ್ಟರು.

ಮನೆಗೆ ಬಂದು ನಾನು ಯಾರಿಗೂ ಎಂತದೂ ಹೇಳ್ಲಿಲ್ಲ. ಅಜ್ಜನಿಗೆ ಹೇಳಿದರೆ ಹೆದರ್ತಾರೆ, ಮೊದಲೇ ಸ್ಟ್ರೋಕ್ ಆದ ಜೀವ. ಎರಡು ಫೋಟೋ ತೆಗೆದೆ, ಒಂದು ಆರಿಸಿ ಕೊಡಿ, ದೊಡ್ಡದು ಮಾಡಿಸಿ ಕೊಡ್ಲಿಕ್ಕುಂಟು ಅಂತ ಕಂಪ್ಯೂಟರಿಗೆ ಹಾಕಿ ಮಂಚದ ಬದಿಯಲ್ಲಿಟ್ಟೆ. ಅವರು ಎಡಗೈಯಲ್ಲಿ ಹಿಂದೆ ಮುಂದೆ ಮಾಡಿ ನೋಡಿದರು. ನಡುವೆ ಎಂತಕ್ಕೆ ಬಟ್ಟೆ ಇಟ್ಟದ್ದು, ಜಾಗ ಎಂತಕ್ಕೆ ಬಿಟ್ಟದ್ದು ಅಂತ ಬೈದರು. ನಾನು ಅನ್ನ ಬಸಿಯಲಿಕ್ಕೆ ಒಳಗೆ ಹೋಗಿದ್ದೆ. ಅವರು ಮಂಚದಿಂದಲೇ ಕರೆದು, ಎರಡೂ ಒಂದೇ ಫಿಲೋ, ಆದರೆ ಎರಡನೆಯದ್ದರಲ್ಲಿ ಬದಿಯ ಮುದುಕರು ಅಲುಗಾಡಿದ್ದಾರೆ, ಮೊದಲನೆಯದ್ದೇ ಕೊಡು, ಅದರಲ್ಲಿ ಎಲ್ಲರೂ ಚಂದ ಇದ್ದಾರೆ ಅಂದರು.

ನಾನು ಗಂಜಿ ನೀರು ಬಸಿಯುತ್ತಾ, ತಿರುಗಿ ಕೂಡ ನೋಡದೆ ಹೇಳಿದೆ.

"ಅದು ಬೇಡ. ಅದರಲ್ಲಿ ಹುಡುಗಿ ಕಣ್ಣು ಮುಚ್ಚಿದ್ದಾಳೆ."

ಯಾವ ಹುಡುಗಿ ಅಂತ ಕೇಳಿದರು ನಿಮ್ಮ ಅಜ್ಜ. ನನ್ನ ಕೈಯ ಪಾತ್ರೆ ಕೈಯಲ್ಲೇ. ಯಾವ ಹುಡುಗಿ, ಫಿಲೋ, ಅಂತ ಪುನಃ ಕೇಳಿದರು. ನಾನು ನೋಡಿದ್ದೇನಾ, ಸುಮ್ಮನೆ ಬಾಯಿಗೆ ಬಂತಾ, ಇವತ್ತಿಗೂ ಗೊತ್ತಿಲ್ಲ ನನಗೆ. ಎರಡನೆಯದ್ದನ್ನೇ ಕೊಟ್ಟೆ, ಮುದುಕರು ಅಲುಗಾಡಿದ್ದರೆ ಅಲುಗಾಡಲಿ. ಅದಕ್ಕೇ ಹೇಳುವುದು, ಯಾರ ಮನೆಗೆ ಹೋದರೂ ಕುರ್ಚಿ ಖಾಲಿ ಉಂಟು ಅಂತ ಸೀದಾ ಹೋಗಿ ಕೂತುಕೊಳ್ಳಬೇಡಿ, ಕೇಳಿ ಕೂತುಕೊಳ್ಳಿ. ಏಳಿ ಈಗ, ಚಾ ಆರ್ತದೆ.